ಸುಳಿ ಮಾತ್ರ ಹಸಿರು

ಮಾರ್ಚ್ ೪, ಸೋಮವಾರ

ಬಾವಿ ಕಡೆಯ ಸಾಲಿನಲ್ಲಿ ಮೂರು ಬಾಳೆಗಿಡಗಳ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿವೆ. ನಿನ್ನೆ ಇರಲಿಲ್ಲ. ಇದ್ದಿರಲೂಬಹುದು, ನಾನು ನೋಡಿರಲಿಕ್ಕಿಲ್ಲ. ನಿನ್ನೆಯೆಲ್ಲ ಗೊನೆ ಬಿಟ್ಟ ಗಿಡಗಳ ಹತ್ತಿರವೇ ಇದ್ದೆ. ನಮ್ಮ ಮೊದಲ ಗೊನೆಗಳು. ಹೊಸ ಕೂಸಿನ ಬೆರಳು ಎಣಿಸುವ ಹಾಗೆ ಮಗಳೂ ನಾನೂ ಒಂದೊಂದೇ ಕಾಯಿ ಮುಟ್ಟಿ ನೋಡಿದ್ದೆವು.

ಅಣ್ಣನಿಗೆ ಫೋನ್ ಮಾಡಿದೆ. "ಬಿಸಿಲಿಗೆ ಹಾಗಾಗುತ್ತೆ ಪುಟ್ಟಿ. ನೀರು ಸ್ವಲ್ಪ ಜಾಸ್ತಿ ಬಿಡು," ಅಂದ. ನಲವತ್ತು ದಾಟಿದ ನನ್ನನ್ನು ಪುಟ್ಟಿ ಅನ್ನುವವನು ಭೂಮಿ ಮೇಲೆ ಅವನೊಬ್ಬನೇ.

ನೀರು ಬಿಟ್ಟೆ. ಜಾಗ ಅವನು ಕೊಟ್ಟದ್ದು, ನೆಟ್ಟ ಕಂದು ಅವನು ಕೊಟ್ಟದ್ದು, ಬುದ್ಧಿಯೂ ಅವನದೇ ಇರಲಿ. ಗಂಡನ ಮನೆ ಬಿಟ್ಟು ಮಗಳ ಕೈ ಹಿಡಿದುಕೊಂಡು ಬಂದು ನಿಂತಾಗ ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಅತ್ತಿಗೆಗೆ "ಇನ್ನೆರಡು ತಟ್ಟೆ ಹಾಕು" ಅಂದ, ಅಷ್ಟೇ. ಆಮೇಲೆ ಈ ತುಂಡು ನೆಲ ಬಿಟ್ಟುಕೊಟ್ಟ. ತನ್ನ ಗಿಡಗಳ ಬುಡದಲ್ಲಿ ಎದ್ದ ಮರಿಗಳನ್ನು ತಾನೇ ಕಿತ್ತು, ಗಾಡಿ ತುಂಬ ಕಂದು ತಂದು ಇಳಿಸಿದ. ಈ ಸುತ್ತಿನಲ್ಲಿ ಯಾರಿಗೆ ಬಾಳೆ ಕಂದು ಬೇಕಾದರೂ ಹೋಗುವುದು ಅವನ ಮನೆ ಬಾಗಿಲಿಗೇ. ಹೊಲಿಗೆ ಮಿಷನ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು ತೋಟದವಳು ಅನ್ನಿಸಿಕೊಂಡದ್ದು ಅವನಿಂದ.

ಕಾಲುವೆಗೆ ಅರ್ಧ ಗಂಟೆ ಹೆಚ್ಚೇ ನೀರು ಬಿಟ್ಟೆ.

ಮಾರ್ಚ್ ೭, ಗುರುವಾರ

ಹಳದಿ ಎಲೆಗಳು ಈಗ ತೊಟ್ಟಿನ ಹತ್ತಿರ ಮುರಿದು ಕಾಂಡದ ಸುತ್ತ ಜೋತುಬಿದ್ದಿವೆ. ಗಿಡ ಲಂಗ ಉಟ್ಟ ಹಾಗೆ ಕಾಣುತ್ತದೆ. ನಾನು ಇಷ್ಟು ವರ್ಷ ಹೊಲಿದ ಲಂಗಗಳಲ್ಲಿ ಇಷ್ಟು ಕೆಟ್ಟದ್ದು ಒಂದೂ ಇರಲಿಲ್ಲ. ತಮಾಷೆ ಏನೆಂದರೆ ನಡುವಿನ ಸುಳಿ ಮಾತ್ರ ಹಸಿರಾಗಿ, ನೆಟ್ಟಗೆ, ಏನೂ ಆಗಿಲ್ಲವೇನೋ ಅನ್ನುವಂತೆ ನಿಂತಿದೆ. ಅದನ್ನು ನೋಡಿದಾಗ ಧೈರ್ಯ ಬರುತ್ತದೆ.

ಕೆಳಗಿನ ತೋಟದ ರೇಡಿಯೋ ಮಾವ ಬೇಲಿ ಹತ್ತಿರ ಬಂದರು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ಕತ್ತಲಾದರೂ ನಿಲ್ಲುವುದಿಲ್ಲವೆಂದು ಆ ಹೆಸರಿಟ್ಟವಳು ನನ್ನ ಮಗಳು. ಅವರಿಗೂ ಗೊತ್ತು, ಖುಷಿಯೂ ಇದೆ. "ನೀನು ಕೊಟ್ಟ ಕಂದು ಎಷ್ಟು ಚೆನ್ನಾಗಿ ಹಿಡ್ಕೊಂಡಿವೆ ಗೊತ್ತೇನಮ್ಮಾ! ಎಂಟಕ್ಕೆ ಎಂಟೂ! ನಿಮ್ಮಣ್ಣನ ಮನೆ ತಳಿ ಅಂದ್ರೆ ಸುಮ್ನೇನಾ!" ಹೋದ ತಿಂಗಳು ಅವರು ಕೇಳಿದಾಗ ನನ್ನ ಗಿಡಗಳ ಮರಿ ಕಿತ್ತು ಕೊಟ್ಟಿದ್ದೆ. ಯಾರಿಗಾದರೂ ಏನಾದರೂ ಕೊಡುವಷ್ಟು ನನ್ನ ಹತ್ತಿರ ಇದ್ದದ್ದು ಅದೇ ಮೊದಲು.

ಅವರ ಕಣ್ಣು ಹಳದಿ ಎಲೆಗಳ ಮೇಲೆ ಬೀಳುವ ಮುಂಚೆ ನಾನೇ, "ಬಿಸಿಲಿಗೆ ಮಾವ," ಅಂದೆ.

ಮಾರ್ಚ್ ೧೨

ಹನ್ನೊಂದು ಗಿಡ. ಬೂದಿ ಹಾಕಿದೆ, ಗೊಬ್ಬರ ಹಾಕಿದೆ, ಔಷಧಿ ಅಂಗಡಿಯವನು ಕೊಟ್ಟ ನೀಲಿ ನೀರು ಬುಡಕ್ಕೆ ಹೊಯ್ದೆ. ಒಂದರ ಕಾಂಡ ಬುಡದಲ್ಲಿ ಉದ್ದಕ್ಕೆ ಸೀಳಿದೆ. ಅಣ್ಣ ಇನ್ನೂ ನೀರು ಬಿಡು ಅನ್ನುತ್ತಾನೆ. ಬಂದು ನೋಡು ಅಂದರೆ, ಮಂಡಿ ನೋವಂತೆ.

ಮಾರ್ಚ್ ೧೫, ಶುಕ್ರವಾರ

ಮಗಳು ನನ್ನನ್ನು ಕೇಳದೆ ತೋಟಗಾರಿಕೆ ಕಚೇರಿಗೆ ಹೋಗಿ ಹೇಳಿಬಂದಿದ್ದಾಳೆ. ಮಧ್ಯಾಹ್ನ ಗಿಡದ ಡಾಕ್ಟರಮ್ಮ ಬಂದರು. ನನಗಿಂತ ಚಿಕ್ಕವರು, ಮೊಣಕಾಲವರೆಗೆ ರಬ್ಬರ್ ಬೂಟು. ಒಂದು ಗಿಡದ ಬುಡ ಕತ್ತರಿಸಿ ನನ್ನ ಮುಂದೆ ಹಿಡಿದರು. ಬೆಳ್ಳಗಿರಬೇಕಾದ ಒಳಭಾಗದಲ್ಲಿ ಕಂದು ಬಣ್ಣದ ಚುಕ್ಕಿಗಳು, ಉಂಗುರದ ಮೇಲೆ ಉಂಗುರ. ಬಿಳಿ ಬಟ್ಟೆಗೆ ತುಕ್ಕು ತಾಗಿದ ಹಾಗೆ.

"ಇದು ಮಣ್ಣಲ್ಲಿರೋ ಶಿಲೀಂಧ್ರ," ಅಂದರು. "ಬೇರಿಂದ ಒಳಗೆ ಬಂದು, ನೀರು ಏರೋ ಕೊಳವೆ ಹಿಡ್ಕೊಂಡು ಮೇಲೆ ಹತ್ತುತ್ತೆ."

"ಗಿಡ ಸುಮ್ನೆ ಬಿಟ್ಕೊಳ್ಳುತ್ತಾ?"

"ಇಲ್ಲಮ್ಮ, ಹೋರಾಡುತ್ತೆ. ಅಂಟು ಸುರಿಸಿ ಆ ಕೊಳವೆ ಮುಚ್ಚಿಬಿಡುತ್ತೆ. ರೋಗ ಪಕ್ಕದ ಕೊಳವೆಗೆ ಹೋಗುತ್ತೆ. ಅದನ್ನೂ ಮುಚ್ಚುತ್ತೆ. ರೋಗ ತಡೆಯೋ ಜಾತಿಗಳು ಬೇರಲ್ಲೇ, ಬೇಗ ಮುಚ್ಚಿ ಗೆದ್ದುಬಿಡ್ತವೆ. ಈ ಜಾತಿ ತಡ ಮಾಡುತ್ತೆ. ತಡವಾಗಿ ಶುರು ಮಾಡಿ, ಕೊನೆಗೆ ಇದ್ದಬದ್ದ ಕೊಳವೆಯೆಲ್ಲ ತಾನೇ ಮುಚ್ಚಿಕೊಂಡು, ಒದ್ದೆ ಮಣ್ಣಲ್ಲಿ ನಿಂತೇ ಬಾಯಾರಿ ಸಾಯುತ್ತೆ."

ನಾನು ದಿನಾ ಬಿಟ್ಟ ನೀರು ನೆನಪಾಯಿತು. ಅದನ್ನು ಹೇಳಿದೆ. ಆಕೆ ಕಾಲುವೆ ಕಡೆ ನೋಡಿ, "ಆ ನೀರು ಮುಂದೆ ಎಲ್ಲಿಗೆ ಹೋಗುತ್ತೆ?" ಅಂದರು.

ಕೆಳಗಿನ ತೋಟಕ್ಕೆ.

ನೀರು ನಿಲ್ಲಿಸಲು ಹೇಳಿ, ತುಂಡುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಪರೀಕ್ಷೆಗೆ ಒಯ್ದರು. ಹೋಗುವಾಗ ಬೂಟು, ಕತ್ತಿ ಎಲ್ಲ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೊಳೆದರು. ನನ್ನ ತೋಟದ ಮಣ್ಣು ಮೈಲಿಗೆ ಎನ್ನುವಂತೆ. ನನಗೆ ಮೈ ಉರಿಯಿತು. ಫೋನಿನಲ್ಲಿ ಅಣ್ಣನೂ ಅದನ್ನೇ ಹೇಳಿದ: "ಪುಸ್ತಕ ಓದಿದೋರು ಪುಟ್ಟಿ. ಒಂದು ಗೆಡ್ಡೆ ನೆಟ್ಟಿದ್ದಾರಾ ಜೀವನದಲ್ಲಿ?" ಸಮಾಧಾನವಾಯಿತು.

ಮಾರ್ಚ್ ೨೦, ಬುಧವಾರ

ಅಣ್ಣನ ಮನೆಗೆ ಹೋಗಿದ್ದೆ. ಮಂಡಿ ನೋವು ಅಂದವನು ಏಣಿ ಹತ್ತಿ ಹೆಂಚು ಸರಿಮಾಡುತ್ತಿದ್ದ. ನನ್ನನ್ನು ಕಂಡು ಇಳಿದ, ಆಮೇಲೆ ಕುಂಟಿದ.

ಹಿತ್ತಲ ಬಾಳೆ ಇಲ್ಲ. ಒಂದು ಗಿಡವೂ ಇಲ್ಲ. ನೆಲ ಅಗೆದು ಹುರುಳಿಕಾಯಿ ಬಿತ್ತಿದ್ದಾರೆ, ಬಳ್ಳಿ ಆಗಲೇ ಕಡ್ಡಿ ಹಿಡಿದಿದೆ. "ಬಾಳೆ ಬೇಜಾರಾಯ್ತು, ಒಂದೇ ಬೆಳೆ ಎಷ್ಟು ದಿನ ಅಂತ," ಅಂದ. ಅತ್ತಿಗೆ ಟೀ ತಂದಿಟ್ಟು ಒಳಗೆ ಹೋದವರು ನಾನು ಹೊರಡುವವರೆಗೂ ಆಚೆ ಬರಲಿಲ್ಲ. ಯಾವಾಗಲೂ ಗೇಟಿನ ತನಕ ಬಂದು ಇನ್ನರ್ಧ ಗಂಟೆ ನಿಲ್ಲಿಸಿಕೊಳ್ಳುವವರು.

ಗೋಡೆ ಪಕ್ಕದ ಕಸದ ಗುಡ್ಡೆಯಲ್ಲಿ ಹಳೆಯ ಗೆಡ್ಡೆಗಳಿದ್ದವು. ಒಂದು ಅರ್ಧಕ್ಕೆ ಕಡಿದದ್ದು. ಒಳಗೆ ಕಂದು ಬಣ್ಣದ ಉಂಗುರ.

ಒಣಗಿದ ಗೆಡ್ಡೆ ಯಾವುದಾದರೂ ಹಾಗೇ ಕಾಣುತ್ತದೆ. ಮಳೆಗೆ ಕೊಳೆತಿರಬಹುದು. ಅಣ್ಣನಿಗೆ ಗೊತ್ತಿದ್ದರೆ ನನಗೆ ಕೊಡುತ್ತಿದ್ದನೇ? ನನಗೆ?

ಮಾರ್ಚ್ ೨೨

ಪರೀಕ್ಷೆಯಲ್ಲಿ ಅದೇ ಬಂದಿದೆ.

ಡಾಕ್ಟರಮ್ಮ ಜಗುಲಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಔಷಧಿ ಇಲ್ಲ. ಹಸಿರಾಗಿರುವ ಗಿಡಗಳೂ ಉಳಿಯುವುದಿಲ್ಲ, ಬಾಳೆಗೆ ಬೀಜವಿಲ್ಲ, ಮರಿಯಿಂದ ಮರಿ, ಎಲ್ಲವೂ ಒಳಗೆ ಒಂದೇ ಗಿಡ. ಒಂದನ್ನು ಕೊಂದದ್ದು ಎಲ್ಲವನ್ನೂ ಕೊಲ್ಲುತ್ತದೆ. ಅಗೆದರೆ ರೋಗ ಹರಡುತ್ತದೆ, ಆದ್ದರಿಂದ ನಿಂತಲ್ಲೇ ಕಳೆನಾಶಕ ಚುಚ್ಚಿ ಸಾಯಿಸಿ, ಸುತ್ತ ಬೇಲಿ ಹಾಕಬೇಕು. ಮೂವತ್ತು ವರ್ಷವಾದರೂ ಅದು ಮಣ್ಣಲ್ಲಿ ಮಲಗಿ ಕಾಯುತ್ತದಂತೆ. ಬೇರೆ ಬೆಳೆ ಆದೀತು, ಬಾಳೆ ಇಲ್ಲ.

ಆಮೇಲೆ ಎರಡು ಪ್ರಶ್ನೆ ಕೇಳಿದರು.

"ಕಂದು ಎಲ್ಲಿಂದ ತಂದಿರಿ?"

"ಸಂತೆಯಲ್ಲಿ. ಯಾರೋ ಮಾರ್ತಿದ್ರು."

"ನೀವು ಯಾರಿಗಾದ್ರೂ ಕೊಟ್ಟಿದೀರಾ?"

"ಇಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ನನ್ನ ಮುಖ ನೋಡಿದಳು.

ಮಾರ್ಚ್ ೨೩

ಬರೆಯುವುದಕ್ಕೇನೂ ಇಲ್ಲ.

ಮಾರ್ಚ್ ೨೬, ಮಂಗಳವಾರ

ಬೇಲಿಯಾಚೆ ರೇಡಿಯೋ ಮಾವ ಆ ಎಂಟು ಕಂದುಗಳಿಗೆ ನೀರು ಹಾಕುತ್ತಿದ್ದರು. ಒಂದೊಂದೂ ಮೊಣಕಾಲೆತ್ತರ ಬಂದಿದೆ. ಗಿಡಕ್ಕೂ ಏನೋ ಹೇಳುತ್ತಿದ್ದರು. ಅವರದು ಚಿಕ್ಕ ತೋಟ, ಅಷ್ಟೂ ಬಾಳೆ, ಅದನ್ನು ನಂಬಿ ಮನೆಯಲ್ಲಿ ಅವರ ಹೆಂಡತಿ, ಹೆಂಡತಿಯ ಕುರುಡು ತಂಗಿ.

"ಮಾವ," ಅಂದೆ.

"ಏನಮ್ಮಾ?"

"ಏನಿಲ್ಲ."

ಕಂದು ಹಸಿರಾಗಿವೆ. ಅವಕ್ಕೆ ತಾಗದೆಯೂ ಇರಬಹುದಲ್ಲ? ಸುಮ್ಮನೆ ಅವರ ಎದೆ ಒಡೆಯುವುದು ಯಾಕೆ? ಹೇಳಿದರೆ ಅಣ್ಣನ ಹೆಸರು ಬಾರದೆ ಇರುತ್ತದೆಯೇ? ನಾಳೆ ನೋಡೋಣ.

ಮಾರ್ಚ್ ೨೭

ನಾಳೆ.

ಮಾರ್ಚ್ ೨೯, ಶುಕ್ರವಾರ

ರೇಡಿಯೋ ಮಾವನ ಮನೆಯಿಂದ ಕತ್ತರಿ ತರಲು ಮಗಳನ್ನು ಕಳಿಸಿದೆ. ಅವಳು ಗೇಟಿನ ಹತ್ತಿರ ಕೂತು ಚಪ್ಪಲಿಯನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜತೊಡಗಿದಳು. ಅಡಿ ಉಜ್ಜಿದಳು, ಸಂದಿ ಉಜ್ಜಿದಳು, ಕಡ್ಡಿ ತೆಗೆದುಕೊಂಡು ಗೀರುಗಳ ಮಣ್ಣು ಕೆರೆದಳು. ಮುಗಿಯುವುದೇ ಇಲ್ಲ.

"ಸಾಕೇ, ಎಷ್ಟು ಉಜ್ಜುತ್ತೀಯ!"

"ಮಣ್ಣು ಹೋಗಬಾರದಲ್ಲಮ್ಮ ಅವರ ತೋಟಕ್ಕೆ," ಅಂದಳು. ವ್ಯಂಗ್ಯ ಇರಲಿಲ್ಲ. ಆಮೇಲೆ ತಲೆಯೆತ್ತದೆ, "ಚಪ್ಪಲಿ ತೊಳೆದರೆ ಸಾಕಾ?" ಅಂದಳು.

ಚಪ್ಪಲಿ ಅವಳ ಕೈಯಿಂದ ಕಿತ್ತುಕೊಂಡು ನಾನೇ ಹಾಕಿಕೊಂಡು ಹೋದೆ. ಅಳತೆ ಚಿಕ್ಕದು, ಹಿಮ್ಮಡಿ ಹೊರಗೆ. ಮಾವ ಹೊಸಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಿಂತೇ ಹೇಳಿದೆ. ಎಲ್ಲ ಹೇಳಿದೆ: ರೋಗ, ನೀರು, ಕಂದು, ಮೂವತ್ತು ವರ್ಷ. ಗೊತ್ತಾಗಿ ಒಂದು ವಾರವಾಯಿತು ಅಂತಲೂ ಹೇಳಿದೆ.

ಅವರು ಹಗ್ಗ ಕೆಳಗಿಟ್ಟರು. ಎದ್ದು ಗುದ್ದಲಿ ತೆಗೆದುಕೊಂಡು ಹೋದರು. ಅಗೆಯಬಾರದಂತೆ ಮಾವ, ಡಾಕ್ಟರಮ್ಮನ್ನ ಕರೆಸ್ತೀನಿ ಅಂತ ಹಿಂದೆಯೇ ಓಡಿದೆ. ಗುದ್ದಲಿ ಎತ್ತಿದವರು ಹಾಗೇ ಇಳಿಸಿದರು. ಆ ಎಂಟು ಗಿಡಗಳ ನಡುವೆ ನಿಂತು, "ನಿನಗೆಲ್ಲಿಂದ ಬಂತು?" ಅಂತ ಕೇಳಿದರು.

"ನಮ್ಮಣ್ಣನ ಮನೆಯಿಂದ."

"ಹೋಗು," ಅಂದರು. "ನಿನ್ನ ಮುಖ ನೋಡೋಕಾಗಲ್ಲ ನನಗೆ ಈಗ."

ಸಂಜೆಯವರೆಗೂ ಕೆಳಗಿನ ತೋಟದಿಂದ ಒಂದು ದನಿ ಇಲ್ಲ. ಇಲ್ಲಿಗೆ ಬಂದಂದಿನಿಂದ ಇಷ್ಟು ಮೌನ ಕೇಳಿರಲಿಲ್ಲ. ಅಡುಗೆ ಮಾಡಿದೆ, ಇಬ್ಬರಿಗೂ ಸೇರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಅಣ್ಣನ ಮನೆ. ಕೂರಲಿಲ್ಲ.

"ನಿನಗೆ ಗೊತ್ತಿತ್ತಾ?" ಅಂದೆ.

ಹುರುಳಿಕಾಯಿ ಬಳ್ಳಿಗೆ ದಾರ ಕಟ್ಟುತ್ತಿದ್ದ. ಕಟ್ಟುತ್ತಲೇ ಇದ್ದ. "ಗೊತ್ತಿತ್ತು ಅಂತಲ್ಲ ಪುಟ್ಟಿ. ಎರಡು ಗಿಡ ಹಳದಿ ಆಗಿದ್ವು. ಅನುಮಾನ ಇತ್ತು. ಚೆನ್ನಾಗಿರೋ ಗಿಡದ ಕಂದನ್ನೇ ನಿನಗೆ ಆರಿಸಿ ಕೊಟ್ಟೆ."

"ಕೊಡದೆ ಇರಬಹುದಿತ್ತು."

"ಹೇಗೆ? ನೀನು ಅವತ್ತು ಇದ್ದ ಸ್ಥಿತೀಲಿ... ಕೊಡ್ತೀನಿ ಅಂದಿದ್ದೆ. ಬರೀ ಕೈಯಲ್ಲಿ ಹೇಗೆ ಬರಲಿ ನಿನ್ನ ಮುಂದೆ?"

ಅವನು ಸುಳ್ಳು ಹೇಳುತ್ತಿಲ್ಲ. ಅದೇ ಸಂಕಟ. "ಬೇರೆ ಯಾರ್ಯಾರಿಗೆ ಕೊಟ್ಟಿದೀಯ?"

ಅವನು ದಾರಕ್ಕೆ ಇನ್ನೊಂದು ಗಂಟು ಹಾಕಿದ. ಒಳಗಿನಿಂದ ಅತ್ತಿಗೆಯ ದನಿ ಬಂತು: "ಐದು ಮನೆಗೆ. ಹೇಳಿ ಅಂತ ನಾನು ಬಡ್ಕೊಂಡೆ."

"ನೀನು ಸುಮ್ನಿರು! ಈ ಸುತ್ತಲ್ಲಿ ನನ್ನ ಹೆಸರು ಏನಾಗುತ್ತೆ ಯೋಚನೆ ಮಾಡಿದೀರಾ ಇಬ್ರೂ?"

ನಾನು ಫೋನ್ ತೆಗೆದು ಅವನ ಎದುರಿಗೇ ಡಾಕ್ಟರಮ್ಮನಿಗೆ ಮಾಡಿದೆ. ಸಂತೆ ಅಂದದ್ದು ಸುಳ್ಳು, ಕಂದು ನಮ್ಮಣ್ಣನ ಹಿತ್ತಲಿನದು, ನಾನೂ ಕೆಳಗಿನ ತೋಟಕ್ಕೆ ಕೊಟ್ಟಿದ್ದೇನೆ, ಇನ್ನೂ ಐದು ಮನೆ ಇವೆ ಅಂದೆ.

ಅಣ್ಣ ದಾರ ಬಿಟ್ಟು ನನ್ನ ಕಡೆ ತಿರುಗಿದ. "ನಿಲ್ಲೋಕೆ ನೆಲ ಕೊಟ್ಟವನು ನಾನು ಕಣೇ."

"ಕೊಟ್ಟೆ, ಇಲ್ಲ ಅಂದವರ್ಯಾರು? ಮೂವತ್ತು ವರ್ಷ ಬಾಳೆ ಏಳದ ಹಾಗೆ ಮಾಡಿ ಕೊಟ್ಟೆ. ಅದನ್ನೂ ಇಟ್ಕೊಂಡಿದೀನಿ. ಆದರೆ ಆ ಐದು ಮನೆಯೋರು ನಿನ್ನ ತಂಗಿಯರಲ್ಲ."

ಗೇಟು ದಾಟಿದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಹೋಗುವ ಬರುವ ಬಸ್ಸುಗಳನ್ನು ನೋಡುತ್ತ, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆ. ಈ ಪ್ರಪಂಚದಲ್ಲಿ ನನಗೆ ಇದ್ದದ್ದು ಒಂದು ಮನೆ ಬಾಗಿಲು.

ಏಪ್ರಿಲ್ ೫, ಶುಕ್ರವಾರ

ಇವತ್ತು ನನ್ನ ತೋಟ ಮುಗಿಸಿದೆ.

ಕಚೇರಿಯಿಂದ ಡಾಕ್ಟರಮ್ಮನ ಜೊತೆ ಇಬ್ಬರು ಬಂದಿದ್ದರು. ಕಾಂಡಕ್ಕೆ ಓರೆಯಾಗಿ ಸೂಜಿ ಚುಚ್ಚಿ, ಒತ್ತಿ, ಮುಂದಿನ ಗಿಡ. ಅಷ್ಟೇ ಕೆಲಸ. ನಾಲ್ಕು ಗಿಡ ಆದ ಮೇಲೆ ಸಿರಿಂಜು ನಾನು ಇಸಿದುಕೊಂಡೆ. ಗೊನೆ ಬಿಟ್ಟ ಗಿಡಗಳನ್ನು ಬೇರೆಯವರು ಚುಚ್ಚುವುದು ನೋಡಲಾಗಲಿಲ್ಲ. ನಾನು ನೆಟ್ಟವಳು. ಕಾಯಿಗಳು ಇನ್ನೂ ಬೆರಳಿನ ಗಾತ್ರ, ತುದಿಯಲ್ಲಿ ಒಣ ಹೂವು ಅಂಟಿಕೊಂಡೇ ಇದೆ. ಕೈ ಇಟ್ಟರೆ ಕಾಂಡ ತಣ್ಣಗಿರುತ್ತದೆ, ಜ್ವರ ಇಳಿದವರ ಹಣೆಯ ಹಾಗೆ. ಮಗಳು ಪ್ರತಿ ಗಿಡಕ್ಕೂ ಕೆಂಪು ಪಟ್ಟಿ ಕಟ್ಟುತ್ತ ಹಿಂದೆ ಬಂದಳು.

ಕೊನೆಯ ಸಾಲು ಪೂರ್ತಿ ಹಸಿರಾಗಿತ್ತು. ಒಂದು ಕಲೆಯಿಲ್ಲ. ಅಲ್ಲಿ ನನ್ನ ಕೈ ನಿಂತಿತು. ಡಾಕ್ಟರಮ್ಮ ಕಾದರು. ಚುಚ್ಚಿದೆ.

ಗೇಟಿಗೆ ಬೀಗ, ಪಕ್ಕದಲ್ಲಿ ಕಾಲು ತೊಳೆಯುವ ತೊಟ್ಟಿ. ಕೆಳಗಿನ ತೋಟದ ಎಂಟನ್ನೂ ಕಚೇರಿಯವರು ಹೀಗೆಯೇ ಮುಗಿಸಿದರಂತೆ. ಮಾವನ ಉಳಿದ ಗಿಡಗಳು ಏನಾಗುತ್ತವೋ ವರ್ಷಗಟ್ಟಲೆ ಕಾದು ನೋಡಬೇಕು. ಮಾವ ಈ ಕಡೆ ತಿರುಗಲಿಲ್ಲ.

ಏಪ್ರಿಲ್ ೭

ಎಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಸುಳಿ ಕೂಡ ಬಿದ್ದಿದೆ.

ಬಾವಿ ಕಟ್ಟೆ ಮೇಲೆ ಬಹಳ ಹೊತ್ತು ಕೂತಿದ್ದೆ. ಏನು ಯೋಚಿಸುತ್ತಿದ್ದೆ ಅಂತ ಬರೆಯುವುದಿಲ್ಲ. ಮಗಳು ಬಂದು ಪಕ್ಕದಲ್ಲಿ ಕೂತಳು. ನನ್ನ ತೋಳು ಹಿಡಿದುಕೊಂಡಿದ್ದಳು, ಬೆರಳಚ್ಚು ಮೂಡುವಷ್ಟು ಬಿಗಿಯಾಗಿ.

"ಹಸಿವಾಗ್ತಿದೆ," ಅಂದಳು ಆಮೇಲೆ. ಎದ್ದು ಹೋಗಿ ಒಲೆ ಹಚ್ಚಿದೆ.

ಏಪ್ರಿಲ್ ೯, ಮಂಗಳವಾರ

ಬೆಳಿಗ್ಗೆ ಅಣ್ಣ ಬಂದ. ಗೇಟಿನ ಹೊರಗೆ ನಿಂತು ಒಣಗಿದ ಸಾಲುಗಳನ್ನು ನೋಡಿದ. ಈ ಒಂದು ವಾರದಲ್ಲಿ ಮುದುಕನಾಗಿದ್ದಾನೆ. ಒಳಗೆ ಕಾಲಿಡಹೋದವನನ್ನು, "ತೊಟ್ಟೀಲಿ ಕಾಲು ಅದ್ದು," ಅಂತ ತಡೆದೆ. ಅದ್ದಿದ. "ಇನ್ನೊಂದು." ಅದನ್ನೂ ಅದ್ದಿದ.

ಜಗುಲಿಯಲ್ಲಿ ಕೂತು ನೆಲ ನೋಡುತ್ತ ಹೇಳಿದ: "ಕಚೇರಿಯೋರು ನಾಳಿದ್ದು ಐದು ಮನೆಗೂ ಹೋಗ್ತಾರಂತೆ. ಅದಕ್ಕೆ ಮುಂಚೆ ನಾನೇ... ನಾನೇ ಹೇಳೋದು ಸರಿ ಅನ್ನಿಸ್ತು. ನೀನು ಜೊತೆಗೆ ಬರ್ತೀಯಾ?"

"ಬರ್ತೀನಿ. ಮಾತು ನೀನೇ ಆಡಬೇಕು."

"ಹೂಂ."

ತಟ್ಟೆ ಹಾಕಿದೆ. ಉಂಡ.

ಏಪ್ರಿಲ್ ೧೦, ಬುಧವಾರ

ಐದೂ ಮನೆ ಇವತ್ತೇ ಮುಗಿಸಿದೆವು. ಕಾಲು ನೋಯುತ್ತಿದೆ, ಆದರೂ ಬರೆಯಬೇಕು.

ಮೊದಲ ಮನೆ ಬಡಗಿಯದು. ಅಣ್ಣ ಹವಾಮಾನದ ಮಾತಾಡಿದ, ಬಾಗಿಲಿನ ಮರ ಹೊಗಳಿದ, ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಕೊನೆಗೆ ಹೇಳಿದ. ಬಡಗಿ ತಲೆಗೆ ಕೈ ಹೊತ್ತು ಕೂತ. ಅವನ ಗಿಡಗಳು ಆಗಲೇ ಲಂಗ ಉಟ್ಟಿದ್ದವು. ಎರಡನೆಯ ಮನೆಯವನು ಅಣ್ಣನ ಕೊರಳಪಟ್ಟಿ ಹಿಡಿದ, ಅಣ್ಣ ಬಿಡಿಸಿಕೊಳ್ಳಲಿಲ್ಲ. ಮೂರನೆಯದರಲ್ಲಿ ನೀರು ಕೊಟ್ಟರು, ಅದು ಇನ್ನೂ ಕಷ್ಟವಾಯಿತು. ನಾಲ್ಕನೆಯವರು ಕೇಳಿ ಮುಗಿಸುವ ಮೊದಲೇ ಬಾಗಿಲು ಹಾಕಿದರು. ಹಾಕಿದ ಬಾಗಿಲಿಗೇ ಉಳಿದದ್ದನ್ನು ಹೇಳಿದ: ಅಗೆಯಬೇಡಿ, ನೀರು ಹರಿಸಬೇಡಿ, ಯಾರಿಗೂ ಕೊಡಬೇಡಿ.

ಕೊನೆಯದು ನಿವೃತ್ತ ನರ್ಸಮ್ಮನ ಮನೆ, ಇಳಿಜಾರಿನ ಮೇಲ್ತುದಿಯಲ್ಲಿ. ಅವರ ಕೆಳಗೆ ಹೊಳೆವರೆಗೂ ತೋಟಗಳೇ. ಅಲ್ಲಿ ನೆಟ್ಟಿದ್ದರೆ ಎಲ್ಲ ಮುಗಿಯಿತು ಅಂತ ಡಾಕ್ಟರಮ್ಮ ಹೇಳಿದ್ದರು. ಹತ್ತುವಾಗ ಅಣ್ಣನಿಗೆ ನಿಜವಾಗಿಯೂ ಮಂಡಿ ನೋಯುತ್ತಿತ್ತು, ನನ್ನ ಹೆಗಲು ಹಿಡಿದುಕೊಂಡ.

ಅವನನ್ನು ಕಾಣುತ್ತಲೇ ನರ್ಸಮ್ಮನ ಮುಖ ಸಣ್ಣದಾಯಿತು. ಅಣ್ಣ ಬಾಯಿ ತೆರೆಯುವ ಮೊದಲೇ ಕೈ ಮುಗಿದರು. "ಬೈಬೇಡಿ, ನನಗೆ ಗೊತ್ತು ನೀವು ಯಾಕೆ ಬಂದಿದೀರಿ ಅಂತ! ಅಷ್ಟು ಪ್ರೀತಿಯಿಂದ ಕಂದು ಕೊಟ್ರಿ. ಇವತ್ತು ನೆಡ್ತೀನಿ ನಾಳೆ ನೆಡ್ತೀನಿ ಅಂತ... ಸೊಂಟ ಹಿಡ್ಕೊಂಡಿತ್ತು, ಆಮೇಲೆ ಮಗಳ ಬಾಣಂತನ ಅಂತ ಅಲ್ಲಿಗೆ ಹೋದೆ. ಹಂಗೇ ಇವೆ. ನೋಡಿ, ಮಣ್ಣೂ ಮುಟ್ಟಿಲ್ಲ, ನೀವು ಕಟ್ಟಿದ ಕಟ್ಟೂ ಬಿಚ್ಚಿಲ್ಲ."

ಸ್ನಾನದ ಮನೆ ಹಿಂದೆ, ಸಿಮೆಂಟು ಕಟ್ಟೆಯ ಮೇಲೆ, ಗೋಣಿಯಲ್ಲಿ ಸುತ್ತಿದ ಕಂದುಗಳು ಸೌದೆಯ ಹಾಗೆ ಒಣಗಿ ಬಿದ್ದಿದ್ದವು.

ಅಣ್ಣ ಅದರ ಮುಂದೆ ನೆಲದ ಮೇಲೆ ಕುಸಿದು ಕೂತ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಮೊದಲು ನನಗೂ ತಿಳಿಯಲಿಲ್ಲ. ನರ್ಸಮ್ಮ ಗಾಬರಿಯಾಗಿ, "ಅಯ್ಯೋ, ಇಷ್ಟೊಂದು ಬೇಜಾರು ಮಾಡ್ಕೋತೀರಿ ಅಂತ ಗೊತ್ತಿದ್ದರೆ ಹೇಗಾದ್ರೂ ನೆಟ್ಟುಬಿಡ್ತಿದ್ದೆ," ಅಂತ ನನ್ನ ಕೈ ಹಿಡಿದುಕೊಂಡರು. "ನೀನಾದ್ರೂ ಹೇಳಮ್ಮ ಅವರಿಗೆ. ಮುಂದಿನ ವಾರ ಖಂಡಿತ ನೆಡ್ತೀನಿ."

"ನೆಡಬೇಡಿ," ಅಂತ ಅಣ್ಣ ನೆಲದಿಂದಲೇ ಅವರ ಪಾದ ಹಿಡಿದುಕೊಂಡ. "ಬೇಡ ತಾಯಿ. ನೆಡಬೇಡಿ."